ಚನಿಯಪ್ಪ ಗುರುತಿಸಿದ ಕಲ್ಲುಗಳು

ಹನ್ನೊಂದು ಕಲ್ಲುಗಳನ್ನೂ ಚೀಲದಿಂದ ತೆಗೆದು ಸಾಧನಾ ಚನಿಯಪ್ಪನ ಮನೆಯ ಜಗಲಿಯಲ್ಲಿ ಹಾಸಿದ್ದ ಗೋಣಿಯ ಮೇಲಿಟ್ಟಳು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಗೊತ್ತಿಲ್ಲದ್ದರಿಂದ ಕೈಗೆ ಸಿಕ್ಕಿದ ಹಾಗೆ ಇಟ್ಟಳು. ಚನಿಯಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, ಒಂದನ್ನೂ ಮುಟ್ಟದೆ, ಎಲ್ಲವನ್ನೂ ಒಮ್ಮೆ ನೋಡಿದ. ಅಕ್ಟೋಬರಿನ ಬಿಸಿಲು ಆಗಲೇ ಏರಿತ್ತು. ಬಂಟ್ವಾಳದಿಂದ ವಾಮದಪದವಿನವರೆಗೆ ಬಸ್ಸಿನಲ್ಲಿ ನಿಂತೇ ಬಂದು, ಅಲ್ಲಿಂದ ಗುಡ್ಡೆ ಹತ್ತಿದವಳ ಭುಜದಲ್ಲಿ ಚೀಲದ ಪಟ್ಟಿಯ ಗೆರೆ ಉರಿಯುತ್ತಿತ್ತು.

ಹೊರಗಿನಿಂದ ನೋಡಿದರೆ ಮಸಿ ಮೆತ್ತಿದಂಥ ಕಲ್ಲುಗಳು. ಒಡೆದ ಮುಖದಲ್ಲಿ ಮಾತ್ರ ಗುಲಾಬಿ ಬಣ್ಣ. ಒಂದರಲ್ಲಿ ಒಗೆದು ಮಾಸಿದ ಸೀರೆಯಷ್ಟು ತೆಳು, ಇನ್ನೊಂದರಲ್ಲಿ ಒಸಡಿನಷ್ಟು ಗಾಢ. ಪುಸ್ತಕದಲ್ಲಿ ಅದರ ಹೆಸರು ರೋಡೊನೈಟ್. ಮ್ಯಾಂಗನೀಸ್ ಇದ್ದಲ್ಲೆಲ್ಲ ಸಿಗುವಂಥದ್ದಲ್ಲ. ಚನಿಯಪ್ಪನ ಬಾಯಲ್ಲಿ ಅದು ರೋಸು ಕಲ್ಲು. ಈ ಗುಡ್ಡೆಯ ಹಿಂಬದಿಯಲ್ಲಿ, ಯಾವುದೋ ಕಾಲದಲ್ಲಿ ಯಾರೋ ಕರಿ ಅದಿರು ಹುಡುಕಿ ತೋಡಿ ಬಿಟ್ಟುಹೋದ ಗುಂಡಿಯೊಂದಿತ್ತು. ಏಳು ವರ್ಷ ಸಾಧನಾ ಆ ಗುಂಡಿಗೆ ಇಳಿದು ಹತ್ತಿದ್ದಳು. ಹಗ್ಗ ಹಿಡಿಯಲು, ಬೇರು ಕಡಿಯಲು, ಕಲ್ಲು ಹೊರಲು ಚನಿಯಪ್ಪ. ಮೇಲಿನಿಂದ ಕೆಳಗೆ ಹೋದಂತೆ ಕಲ್ಲಿನ ಬಣ್ಣ ಹೇಗೆ ಬದಲಾಗುತ್ತದೆ, ಯಾಕೆ ಬದಲಾಗುತ್ತದೆ ಎಂಬುದು ಅವಳ ಪಿಎಚ್.ಡಿ. ವಿಷಯ. ಹಾಗಾಗಿ ಒಂದೊಂದು ಕಲ್ಲೂ ಎಷ್ಟು ಅಡಿ ಆಳದ್ದು, ಯಾವ ಬದಿಯದ್ದು ಎಂದು ತಿಳಿದಿರಲೇಬೇಕು. ತಿಳಿಯದಿದ್ದರೆ ಅದು ಬರೀ ಕಲ್ಲು.

ಅವಳು ಬಂಟ್ವಾಳ ಪೇಟೆಯಲ್ಲಿ ನೆಲಮಾಳಿಗೆಯಂತೆ ತಗ್ಗಿನಲ್ಲಿದ್ದ ಒಂದು ಕೋಣೆ ಬಾಡಿಗೆಗೆ ಹಿಡಿದು, ಅಲ್ಲಿಂದಲೇ ಕಾಲೇಜಿಗೆ ಪಾಠಕ್ಕೆ ಹೋಗುತ್ತಿದ್ದಳು. ಶನಿವಾರ ಮೂಡುಬಿದಿರೆಗೆ, ಗಂಡ ಸಮ್ಯಕ್‌ನ ಮನೆಗೆ. ಸೋಮವಾರ ಬೆಳಿಗ್ಗೆ ವಾಪಸು. ಆಗಸ್ಟಿನ ಒಂದು ಭಾನುವಾರ ನೇತ್ರಾವತಿ ಹೊಳೆ ಉಕ್ಕಿ ಪೇಟೆಗೆ ಏರಿದಾಗ ಅವಳು ಮೂಡುಬಿದಿರೆಯಲ್ಲಿದ್ದಳು. ನೆರೆ ಕಲ್ಲುಗಳನ್ನು ಒಯ್ಯಲಿಲ್ಲ. ಮಂಚದಡಿಯಲ್ಲಿ ಅವು ಇಟ್ಟ ಹಾಗೆಯೇ ಇದ್ದವು. ಕಟ್ಟಿದ್ದ ಚೀಟಿಗಳು ಮಾತ್ರ ಗಂಜಿಯಾಗಿದ್ದವು, ಟಿಪ್ಪಣಿಯ ಪುಸ್ತಕವೂ. ಹಳೆಯ ಮೂವತ್ತೆರಡು ಕಲ್ಲುಗಳಿಗೆ ಅವಳು ಬಿಳಿ ಬಣ್ಣದ ಬೊಟ್ಟಿಟ್ಟು ಅದರ ಮೇಲೆ ನಂಬರು ಬರೆದಿದ್ದಳು. ಅವುಗಳ ಟಿಪ್ಪಣಿಯ ಪುಟಗಳ ಫೋಟೋ ಫೋನಿನಲ್ಲಿತ್ತು. ಮೇ ತಿಂಗಳಲ್ಲಿ ತೆಗೆದ ಈ ಕೊನೆಯ ಹನ್ನೊಂದಕ್ಕೆ ಬೊಟ್ಟಿಟ್ಟಿರಲಿಲ್ಲ. ಉತ್ತರ ಪತ್ರಿಕೆ ತಿದ್ದುವುದಿತ್ತು. ಆಮೇಲೆ ಮಳೆ ಹಿಡಿಯಿತು. ನಾಳೆ ಮಾಡಿದರಾಯಿತು ಎಂದು ಮಲಗಿದ ಸಂಜೆಗಳು ಎಷ್ಟೋ.

ಮತ್ತೆ ತೆಗೆಯೋಣವೆಂದರೆ ಗುಂಡಿಯೇ ಇರಲಿಲ್ಲ. ಜಾಗದ ಒಡತಿ ಕಾಂತಿ ಜೂನಿನಲ್ಲಿ ಅದನ್ನು ಮುಚ್ಚಿಸಿದ್ದಳು. ಅವಳದ್ದು ತಪ್ಪೆಂದು ಹೇಳುವಂತಿರಲಿಲ್ಲ. ನೆರೆಮನೆಯ ಕರುವೊಂದು ಬಿದ್ದು ಸತ್ತಿತ್ತು. ಕಾಂತಿಯ ಗಂಡ ಶೇಖರ ಮಸ್ಕತ್‌ನಿಂದ ಫೋನು ಮಾಡಿ, ನಾಳೆ ಶಾಲೆಯ ಮಕ್ಕಳು ಬಿದ್ದರೆ ಏನು ಮಾಡುತ್ತಿ ಎಂದು ಕೇಳಿದ್ದ. ಜೇಸೀಬಿ ಒಂದೇ ಹಗಲಿನಲ್ಲಿ ಕೆಲಸ ಮುಗಿಸಿತು.

ಮೊನ್ನೆ ಇದನ್ನೆಲ್ಲ ಕೇಳಿದ ಗೈಡ್ ಫೋನಿನಲ್ಲಿ, "ನೀವೇ ತೆಗೆದ ಕಲ್ಲಲ್ವಾ, ನೆನಪಿನಿಂದ ಬರೆಯಿರಿ. ಆ ಗುಂಡಿಯೇ ಇಲ್ಲವಲ್ಲ, ಇನ್ನು ಯಾರು ಹೋಗಿ ನೋಡ್ತಾರೆ?" ಎಂದಿದ್ದರು. ಡಿಸೆಂಬರ್ ಕೊನೆಯೊಳಗೆ ಪ್ರಬಂಧ ಕೊಡಬೇಕು, ಎರಡು ಸಲ ಗಡುವು ಮುಂದಕ್ಕೆ ಹೋಗಿಯಾಗಿದೆ ಎಂಬುದನ್ನು ಅವರು ನೆನಪಿಸಲಿಲ್ಲ. ನೆನಪಿಸುವ ಅಗತ್ಯವೂ ಇರಲಿಲ್ಲ. ಅವಳು ಪೆನ್ನು ಹಿಡಿದು ಕೂತಳು. ಒಂದನ್ನೂ ಬರೆಯಲಾಗಲಿಲ್ಲ. ಚನಿಯಪ್ಪನಿಗೆ ನೆನಪಿರಬಹುದು ಎಂದು ಆಗ ಹೊಳೆಯಿತು.

ಮನೆಮಾತೆಲ್ಲ ತುಳುವಿನಲ್ಲಿ ಆಡುವ ಚನಿಯಪ್ಪ ಕಲ್ಲಿನ ವಿಷಯ ಬಂದರೆ ಕನ್ನಡಕ್ಕೆ ತಿರುಗುತ್ತಿದ್ದ, ಅದು ಶಾಲೆಗೆ ಸೇರಿದ್ದು ಎಂಬಂತೆ. ಈಗಲೂ ಹಾಗೆಯೇ. ಮೊದಲನೆಯ ಕಲ್ಲನ್ನು ಎತ್ತಿ, ಅಂಗೈಯಲ್ಲಿ ತೂಗಿ, ನಿಧಾನವಾಗಿ ಹೇಳಿದ:

"ಇದು ಮೇಲಿನದ್ದು ಟೀಚರ್. ದರೆಯ ಬದಿದು. ಬೇರು ಅಡ್ಡ ಬಂದಿತ್ತಲ್ಲ, ಕತ್ತಿ ತರ್ಲಿಕ್ಕೆ ನಾನು ಮನೆಗೆ ಓಡಿದ್ದೆ."

ದರೆಯ ಮಣ್ಣುಗೋಡೆಯಿಂದ ಹೊರಚಾಚಿದ್ದ ಆ ಬೇರು ಅವಳಿಗೂ ನೆನಪಿತ್ತು. ಬರೆದುಕೊಂಡಳು. ಎರಡನೆಯದು ನಡುವಿನ ಮೆಟ್ಟಿಲಿನದ್ದು. ಮೂರನೆಯದು ಅದರ ಪಕ್ಕದ್ದೇ. ಒಂದೊಂದಕ್ಕೂ ಅವನಲ್ಲಿ ಒಂದೊಂದು ಗುರುತಿತ್ತು: ಉಳಿಯ ತುದಿ ಮುರಿದದ್ದು, ಕಣಜದ ಹುಳ ಎದ್ದದ್ದು, ಬುತ್ತಿ ಮರೆತು ಬಂದು ಇಬ್ಬರೂ ಅವನ ಮನೆಯ ಗಂಜಿ ಉಂಡದ್ದು. ಅವಳ ಪೆನ್ನು ಓಡತೊಡಗಿತು. ಚನಿಯಪ್ಪನ ಹೆಂಡತಿ ಸೇಸಮ್ಮ ಬಿಸಿಲಿನಲ್ಲಿ ಬಂದವಳ ಆಸರಿಗೆ ಬೆಲ್ಲ, ನೀರು ತಂದಿಟ್ಟು, ನೆರೆಯಲ್ಲಿ ಬಟ್ಟೆಬರೆ ಏನಾದರೂ ಉಳಿಯಿತೇ ಎಂದು ವಿಚಾರಿಸಿದಳು. ಉಳಿಯಿತು ಎಂದಳು ಸಾಧನಾ. ಎರಡು ತಿಂಗಳಲ್ಲಿ ಮೊದಲ ಸಲ ಬೆನ್ನು ಗೋಡೆಗೆ ಒರಗಿಸಿದಳು. ಈ ಹನ್ನೊಂದರ ಮೇಲೆಯೇ ನಿಂತ ಮೂರನೆಯ ಅಧ್ಯಾಯವನ್ನು ಬರೆದು ಮುಗಿಸಬಹುದು ಅನ್ನಿಸಿತು.

ಹನ್ನೊಂದೂ ಆದ ಮೇಲೆ, ಖಾಲಿ ಚೀಲ ಮಡಚಲು ಹೋದವಳ ಕೈಗೆ ತಳದಲ್ಲಿ ಇನ್ನೊಂದು ಸಿಕ್ಕಿತು. ಬಣ್ಣ ಹೋಲಿಸಿ ನೋಡಲೆಂದು ಗೈಡ್ ಕೊಟ್ಟಿದ್ದ ಕಲ್ಲು, ಮಧ್ಯಪ್ರದೇಶದ ಯಾವುದೋ ಗಣಿಯದ್ದು. ಹೊರಡುವ ಅವಸರದಲ್ಲಿ ಅದೂ ಬಂದುಬಿಟ್ಟಿತ್ತು. ಇದು ಬೇರೆ ಎಂದು ಹೇಳಿ ಚೀಲಕ್ಕೆ ಮರಳಿಸಬಹುದಿತ್ತು. ಸಾಧನಾ ಹಾಗೆ ಮಾಡಲಿಲ್ಲ. ಗೋಣಿಯ ಮೇಲೆ ಇಟ್ಟಳು. ಇಟ್ಟ ಕೂಡಲೇ ಬೇಡವಿತ್ತು ಅನ್ನಿಸಿತು.

ಚನಿಯಪ್ಪ ಅದನ್ನೂ ಎತ್ತಿಕೊಂಡ. ತೂಗಿದ. ಬೆಳಕಿಗೆ ತಿರುಗಿಸಿದ.

"ಇದು ತೀರಾ ಅಡಿದು. ನೀರಿನ ಹತ್ರದ್ದು. ನಿಮ್ಮ ಕಾಲು ಜಾರಿತ್ತು ನೋಡಿ, ಆ ದಿನದ್ದು."

"ಸರಿಯಾಗಿ ನೆನಪುಂಟಾ ಚನಿಯಪ್ಪಣ್ಣ?"

"ಉಂಟು. ಅದು ಮರೀಲಿಕ್ಕುಂಟಾ?"

ಅವನು ಅವಳತ್ತ ನೋಡಲಿಲ್ಲ. ಕಲ್ಲನ್ನು ಉಳಿದವುಗಳ ಸಾಲಿನಲ್ಲಿ ಅಡಿಯ ಕಡೆಗೆ ಸರಿಯಾಗಿ ಇಟ್ಟು, ಅದರ ಮೇಲಿಂದ ಕೈ ತೆಗೆಯದೆ ಹೇಳಿದ:

"ಜೇಸೀಬಿ ಬಂದ ದಿನ ನಾನು ನಿಲ್ಲಿಸ್ಬೇಕಿತ್ತು ಟೀಚರ್. ಒಂದು ದಿನ ತಡೀರಿ, ಟೀಚರ್ ಬಂದು ನೋಡ್ಲಿ ಅಂತ ಹೇಳಿದ್ರೆ ಕಾಂತಿಯಕ್ಕ ಬೇಡ ಅಂತಿರ್ಲಿಲ್ಲ. ನನಗೆ ಬಾಯಿ ಬರ್ಲಿಲ್ಲ."

ಅವನು ಆ ದಿನ ಫೋನು ಮಾಡಿದ್ದ. ಬೆಳ್ತಂಗಡಿಯಲ್ಲಿ ಪರೀಕ್ಷೆಯ ಡ್ಯೂಟಿಯಲ್ಲಿದ್ದವಳು ಸಂಜೆ ಬಸ್ಸಿನಲ್ಲಿ ಅದನ್ನು ನೋಡಿ, ಹಲಸಿನಕಾಯಿ ಒಯ್ಯಲು ಕರೆದಿರಬಹುದೆಂದು ತಿರುಗಿ ಮಾಡಿರಲಿಲ್ಲ. ಅದನ್ನು ಈಗ ಹೇಳಿದಳು. ನಿಮ್ಮದೇನೂ ತಪ್ಪಿಲ್ಲ, ಫೋನು ತೆಗೆಯದಿದ್ದದ್ದು ನಾನು ಎಂದಳು. ಚನಿಯಪ್ಪ ತಲೆಯಾಡಿಸಿದ, ಒಪ್ಪಿದ ಹಾಗೆ ಅಲ್ಲ. ಅವಳು ಪುಸ್ತಕದಲ್ಲಿ ಹನ್ನೆರಡು ಎಂದು ಬರೆದು, ಮುಂದೆ ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಅವನು ನೋಡುತ್ತಿದ್ದ.

ಅವನು ಎದ್ದು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ಸಾಧನಾ ಕಲ್ಲುಗಳನ್ನು ನೋಡುತ್ತ ಕುಳಿತಳು. ಬೇರಿನ ಮಾತು ನಿಜ. ಉಳಿಯ ತುದಿ ಮುರಿದದ್ದೂ ನಿಜ, ಕಣಜದ ಹುಳವೂ ನಿಜ. ಅವನು ಒಂದನ್ನೂ ಕಟ್ಟಿ ಹೇಳಿರಲಿಲ್ಲ. ಆದರೆ ಯಾವ ದಿನ ಯಾವ ಕಲ್ಲಿನದ್ದು ಎಂಬುದು ಅವಳಿಗೆ ಗೊತ್ತಿಲ್ಲದಂತೆಯೇ ಅವನಿಗೂ ಗೊತ್ತಿರಲಿಲ್ಲ. ಹನ್ನೊಂದರಲ್ಲಿ ಐದೋ ಆರೋ ಸರಿಯಿರಬಹುದು. ಯಾವ ಐದು?

ಹೊಸ ಚೀಟಿಗಳನ್ನು ತೆಗೆದು ಒಂದೊಂದರ ಮೇಲೂ ಇಂಗ್ಲಿಷಿನಲ್ಲಿ ಸ್ಥಳ ತಿಳಿದಿಲ್ಲ ಎಂದು ಬರೆದಳು. ಒಂದೊಂದನ್ನೂ ಕಲ್ಲಿಗೆ ಕಟ್ಟಿದಳು. ಮೂರನೆಯ ಅಧ್ಯಾಯ ಇರುವುದಿಲ್ಲ, ಹಳೆಯ ಮೂವತ್ತೆರಡು ಕಲ್ಲುಗಳಲ್ಲೇ ಬರೆಯುತ್ತೇನೆ ಎಂದು ಗೈಡ್‌ಗೆ ಮೆಸೇಜು ಕಳಿಸಿದಳು. ಸ್ವಲ್ಪ ಹೊತ್ತಿನಲ್ಲಿ ಉತ್ತರ ಬಂತು: ಹಾಗಾದರೆ ಪ್ರಬಂಧವನ್ನೇ ತಿರುಗಿ ಬರೆಯಬೇಕು, ಡಿಸೆಂಬರಿಗೆ ಆಗುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ, ಯೋಚಿಸಿ. ಅವಳಿಗೆ ದುಃಖವೂ ಆಗಲಿಲ್ಲ, ಹಗುರವೂ ಆಗಲಿಲ್ಲ. ಅಲ್ಲೇ ಜಗಲಿಯಲ್ಲಿ ಮಲಗಿಬಿಡುವ ಅನ್ನಿಸಿತು.

ಚನಿಯಪ್ಪ ಮುಖ ಒರೆಸುತ್ತ ಬಂದವನು ಕಟ್ಟಿದ ಚೀಟಿಗಳನ್ನು ನೋಡಿದ. ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ.

"ಎಲ್ಲ ಬರೆದಾಯ್ತಾ ಟೀಚರ್?"

"ಆಯ್ತು."

"ಇನ್ನು ತೊಂದರೆ ಇಲ್ಲ ಅಲ್ವಾ?"

"ಇಲ್ಲ" ಎಂದಳು ಸಾಧನಾ. "ನೀವು ಇದ್ದದ್ದು ಒಳ್ಳೇದಾಯ್ತು."

ಚೀಲವನ್ನು ಅವಳೇ ಎತ್ತಲು ಹೋದಾಗ ಅವನು ಬಿಡಲಿಲ್ಲ. ಹೆಗಲ ಮೇಲಿನ ಬೈರಾಸನ್ನು ಸಿಂಬಿಯಂತೆ ಸುತ್ತಿ ತಲೆಗಿಟ್ಟು, ಅದರ ಮೇಲೆ ಚೀಲ ಹೊತ್ತು, ಬಸ್ಸಿನ ತನಕ ಬರುತ್ತೇನೆಂದು ಮುಂದೆ ನಡೆದ. ಅವನು ಹಿಡಿದದ್ದು ಅವಳು ಹತ್ತಿ ಬಂದ ದಾರಿಯಲ್ಲ, ಗುಡ್ಡೆಯ ಹಿಂಬದಿಯಿಂದ ಇಳಿಯುವ ದಾರಿ. ಮುಚ್ಚಿದ ಜಾಗವನ್ನು ಸಾಧನಾ ಮೊದಲ ಸಲ ನೋಡಿದಳು. ಸುತ್ತಲಿನ ನೆಲದಷ್ಟೇ ಸಮ. ಒಂದು ಮಳೆಗಾಲದ ಹುಲ್ಲು ಮೊಣಕಾಲಿನವರೆಗೆ ಬೆಳೆದು ಎಲ್ಲವೂ ಒಂದೇ ಹಸಿರು. ನೇರ ದಾಟಿದರೆ ಇಪ್ಪತ್ತು ಹೆಜ್ಜೆ.

ಚನಿಯಪ್ಪ ನೇರ ಹೋಗಲಿಲ್ಲ. ತಲೆಯ ಮೇಲಿನ ಭಾರವನ್ನು ಒಂದು ಕೈಯಲ್ಲಿ ಹಿಡಿದು, ಎಡಕ್ಕೆ ಸರಿದು, ಪಾದವನ್ನು ಒಂದರ ಮುಂದೊಂದು ಜೋಪಾನವಾಗಿ ಇಡುತ್ತ, ಇಲ್ಲದ ಅಂಚಿನ ಸುತ್ತ ಬಳಸಿಕೊಂಡು ನಡೆದ. ಒಂದು ಕಡೆ ತಡೆದು ನಿಂತು, ಹಿಂದೆ ಬರುವವಳಿಗೆಂದು ಕೈ ಚಾಚಿದ. ಸಾಧನಾ ಅದನ್ನು ಹಿಡಿದು ಅವನ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟಳು.