ಆಚೆ ತುದಿಯ ಮೇಷ್ಟ್ರು

ತಂತಿಯಮ್ಮ ಎಂದು ಅವಳಿಗೆ ಹೆಸರಿಟ್ಟವರು ಪ್ರಯೋಗಾಲಯದ ಕ್ಯಾಂಟೀನಿನವರು. ಸಂಬಳದ ಚೀಟಿಯೊಂದನ್ನು ಬಿಟ್ಟು ಎಲ್ಲ ಕಡೆ ಅದೇ ಉಳಿಯಿತು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಅವಳು ಕೈಗಡಿಯಾರ ರಿಪೇರಿ ಅಂಗಡಿಯಲ್ಲಿದ್ದಳು. ಅಂಗಡಿ ಮುಚ್ಚಿದಾಗ, ಕೂದಲೆಳೆಗಿಂತ ಸಣ್ಣ ತಂತಿಯನ್ನು ನಡುಗದೆ ಹಿಡಿಯುವ ಕೈ ಬೇಕೆಂದು ಪ್ರಯೋಗಾಲಯದವರು ಹುಡುಕುತ್ತಿದ್ದರು. ಅವಳ ಕೈ ನಡುಗಲಿಲ್ಲ.

ಕೆಲಸವೆಂದರೆ ಆಳೆತ್ತರದ ಲೋಹದ ಡ್ರಮ್ಮಿಗೆ ತಂತಿ ಕಟ್ಟುವುದು. ಎರಡೂ ತುದಿಯ ತಟ್ಟೆಗಳಲ್ಲಿ ಸೂಜಿ ತೂರುವಷ್ಟು ತೂತುಗಳು, ನಾಲ್ಕು ಸಾವಿರದ ಎಂಟುನೂರು. ಈ ತುದಿಯಿಂದ ಒಬ್ಬರು ತೂರಿಸಬೇಕು, ಆ ತುದಿಯಲ್ಲಿ ಇನ್ನೊಬ್ಬರು ಹಿಡಿದು ಬಿಗಿಯಬೇಕು. ಎಲ್ಲ ಮುಗಿದ ಮೇಲೆ ಒಳಗೆ ಅನಿಲ ತುಂಬುತ್ತಾರೆ. ಪರಮಾಣುವಿಗಿಂತಲೂ ಎಷ್ಟೋ ಪಾಲು ಚಿಕ್ಕದಾದ ಕಣವೊಂದು ಅದರಲ್ಲಿ ಹಾದುಹೋದರೆ, ದಾರಿಯುದ್ದಕ್ಕೂ ಅನಿಲದಿಂದ ಎಲೆಕ್ಟ್ರಾನುಗಳನ್ನು ಕಿತ್ತು ಚೆಲ್ಲುತ್ತದೆ. ಅವು ಹತ್ತಿರದ ತಂತಿಗೆ ಓಡುತ್ತವೆ, ತಂತಿ ಮಿಡಿಯುತ್ತದೆ. ಯಾವ ತಂತಿ ಯಾವಾಗ ಮಿಡಿಯಿತೆಂದು ನೋಡಿ ಕಣ ಹೋದ ದಾರಿಯನ್ನು ಗುರುತಿಸುತ್ತಾರೆ. ವಿಜ್ಞಾನಿ ಮೇಡಂ ಇದನ್ನೆಲ್ಲ ಮೊದಲ ದಿನವೇ ವಿವರಿಸಿದ್ದರು.

“ಹಾಗಾದ್ರೆ ಕಣಾನ ಯಾರೂ ನೋಡೋದೇ ಇಲ್ವಾ ಮೇಡಂ?”

“ಇಲ್ಲಮ್ಮ. ಹೋದ ಮೇಲೇ ಗೊತ್ತಾಗೋದು.”

ಆಚೆ ತುದಿಗೆ ಕೂತವರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಕಾರ್ಖಾನೆಯೊಂದರ ಫಿಟ್ಟರ್. ನೋಟಿಸ್ ಬೋರ್ಡಿನ ಕಾಗುಣಿತ ತಿದ್ದಿ ತಿದ್ದಿ ಹೆಸರು ಗಿಟ್ಟಿಸಿಕೊಂಡಿದ್ದರು. ಹೆಂಡತಿ ಹೋಗಿ ಆರು ವರ್ಷವಾಗಿತ್ತು. ತಂತಿಯಮ್ಮನ ಗಂಡ ಹೋಗಿ ಅದಕ್ಕೂ ಹೆಚ್ಚು. ಅವಳು ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿದ್ದಳು.

ದಿನಕ್ಕೆ ಹದಿನೇಳೋ ಹದಿನೆಂಟೋ ತಂತಿ. ನಡುವೆ ಡ್ರಮ್ಮು ಇದ್ದುದರಿಂದ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದು, ಮಾತು ಮಾತ್ರ ಕೇಳುವುದು. ಅತ್ತಿಗೆಯ ಮುನಿಸು, ಮೇಷ್ಟ್ರ ಮಂಡಿನೋವು, ಅವರ ಹೆಂಡತಿ ಕೊನೆಯ ವಾರ ಏನೇನು ಕೇಳಿ ತಿಂದಳು ಎಂಬುದು, ಎಲ್ಲವೂ ಆ ಕಡೆಯಿಂದ ಈ ಕಡೆಗೆ ಬಂದವು. ಊಟದ ಹೊತ್ತಿಗೆ ಟೋಪಿ, ಮುಖಗವಸು ತೆಗೆದು ಹೊರಬಂದರೆ ಇಬ್ಬರಿಗೂ ನಾಲಗೆ ಕಟ್ಟಿದಂತಾಗುತ್ತಿತ್ತು. ಬೇರೆ ಬೇರೆ ಮೇಜಿಗೆ ಕೂರುತ್ತಿದ್ದರು.

ಹದಿನಾಲ್ಕು ತಿಂಗಳಿಗೆ ಕೆಲಸ ಮುಗಿಯಿತು. ಮೇಷ್ಟ್ರು ದೂರದ ಊರಿನಲ್ಲಿದ್ದ ಮಗಳ ಮನೆಗೆ ಹೊರಟರು. ಗೇಟಿನ ಹತ್ತಿರ “ಬರ್ತೀನಮ್ಮ” ಎಂದರು. “ಹೂಂ, ಹೋಗಿ ಬನ್ನಿ” ಎಂದಳು. ಅಷ್ಟೇ.

ಆಮೇಲೆ ಅವಳಿಗೆ ಬೇರೆ ಕೋಣೆಯಲ್ಲಿ ಕೇಬಲ್ ಬೆಸೆಯುವ ಕೆಲಸ ಸಿಕ್ಕಿತು. ಒಂದು ಮೇಜು, ಒಂದು ದೀಪ. ಬೆಳಿಗ್ಗೆ ಕಾವಲುಗಾರನಿಗೆ ನಮಸ್ಕಾರ ಹೇಳಿದರೆ, ಮತ್ತೆ ಬಾಯಿ ತೆರೆಯುವುದು ಸಂಜೆ ಅತ್ತಿಗೆ “ಊಟಕ್ಕೆ ಬರ್ತೀಯಾ?” ಎಂದು ಕೇಳಿದಾಗಲೇ. ಕೆಲವು ದಿನ ತನ್ನ ದನಿಯೇ ತನಗೆ ಒರಟೆನಿಸುತ್ತಿತ್ತು. ಮೇಷ್ಟ್ರಿಗೆ ಹೇಳಬೇಕು ಎಂದುಕೊಂಡ ಸಂಗತಿಗಳು ಮನಸ್ಸಿನಲ್ಲಿ ಒಂದರ ಮೇಲೊಂದು ಬೀಳುತ್ತಾ ಹೋದವು.

ಮೂರು ವರ್ಷದ ಮೇಲೆ ಒಂದು ತಂತಿ ಸಡಿಲಾಗಿ ಪಕ್ಕದ್ದಕ್ಕೆ ತಾಗಿತು. ಡ್ರಮ್ಮಿನ ಒಂದು ಭಾಗವೇ ಕುರುಡಾಯಿತು. ಅದನ್ನು ಹೊರಗೆಳೆಯಬೇಕು, ಉಳಿದವಕ್ಕೆ ಸೋಕಬಾರದು. ಒಬ್ಬರು ಎಳೆಯುವಾಗ ಇನ್ನೊಬ್ಬರು ಈ ಕಡೆ ಬಿಗಿ ಹಿಡಿದು ಇಷ್ಟಿಷ್ಟೇ ಬಿಡಬೇಕು. “ನೀವಿಬ್ರೇ ಆಗ್ಬೇಕು. ಮೇಷ್ಟ್ರಿಗೂ ಹೇಳಿ ಕಳಿಸಿದೀನಿ” ಎಂದರು ಮೇಡಂ.

ಅವಳು ಬರುವ ಹೊತ್ತಿಗೆ ಮೇಷ್ಟ್ರು ಆಗಲೇ ಆಚೆ ತುದಿಯಲ್ಲಿ ಕೂತಿದ್ದರು. ಟೋಪಿಯ ತುದಿಯಷ್ಟೇ ಕಂಡಿತು. ತಂತಿಯ ಈ ತುದಿಗೆ ದಾರ ಕಟ್ಟಿ ಹಿಡಿದಳು. ಆ ಕಡೆಯಿಂದ ಒಮ್ಮೆ ಜಗ್ಗಿದಂತಾಯಿತು. ಒಂದು ಜಗ್ಗಿದರೆ ಬಿಡು, ಎರಡು ಜಗ್ಗಿದರೆ ತಡೆ, ಹಳೆಯ ಲೆಕ್ಕ. ಅವಳು ದಾರವನ್ನು ಇಷ್ಟೇ ಇಷ್ಟು ಬಿಟ್ಟಳು.

ಮೇಡಂ ಫೋನು ಬಂತೆಂದು ಹೊರಗೆ ಹೋದರು.

“ಮೇಷ್ಟ್ರೇ, ಮಂಡಿ ಹೇಗಿದೆ?” ಎಂದಳು. ಉತ್ತರವಿಲ್ಲ. ತಂತಿ ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. “ಕೋಪಾನಾ? ಒಂದು ಕಾಗದಾನೂ ಹಾಕ್ಲಿಲ್ಲ ಅಂತ? ನಂಗೆ ವಿಳಾಸ ಕೇಳೋಕೆ ಸಂಕೋಚ ಆಯ್ತು.” ತಂತಿ ಇನ್ನೊಂದು ಅಂಗುಲ ಸರಿಯಿತು. ಅವಳು ತಡೆಯಲಾರದೆ ಹೇಳಿಬಿಟ್ಟಳು: “ನೀವು ಹೋದ ಮೇಲೆ ನಾನು ಯಾರ ಹತ್ರಾನೂ ಮಾತೇ ಆಡಿಲ್ಲ ಮೇಷ್ಟ್ರೇ. ದಿನಾ ನಿಮ್ಮನ್ನ ನೆನಸ್ಕೋತೀನಿ.”

ದಾರ ಎರಡು ಸಲ ಜಗ್ಗಿತು. ಅವಳು ಬೆಚ್ಚಿ ಬಿಗಿ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒಂದು ಸಲ. ಕೊನೆಗೆ ತಂತಿ ಪೂರ್ತಿ ಆಚೆ ಹೋಯಿತು, ಅವಳ ಕೈಯಲ್ಲಿ ಬರೀ ದಾರ ಉಳಿಯಿತು.

ಮೇಡಂ ಒಳಬಂದು ಮೆಲ್ಲನೆ ಅಂದರು: “ಹೇಳೋಕೇ ಮರೆತೆ. ಮೇಷ್ಟ್ರಿಗೆ ಈಗ ಎರಡೂ ಕಿವಿ ಕೇಳಲ್ಲ. ಕಳೆದ ವರ್ಷ ಜ್ವರ ಬಂದಿತ್ತಂತೆ.”

ಅವಳು ಮುಖಗವಸು ತೆಗೆಯದೆ ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿದಳು.

ಸಂಜೆ ಬಸ್ ನಿಲ್ದಾಣದವರೆಗೆ ಮೇಷ್ಟ್ರ ಜೊತೆಗೆ ನಡೆದಳು. ಅವರು ಸೊರಗಿಹೋಗಿದ್ದರು. ಕಿವಿ ಕೇಳದವರ ಏರುದನಿಯಲ್ಲಿ, ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಂತೆ ಹೇಳಿದರು:

“ಒಳಗೆ ಏನೋ ಮಾತಾಡ್ತಿದ್ರಿ ಅಲ್ವಾ? ಗೊತ್ತಾಯ್ತು. ಮಾತಾಡೋವಾಗ ನಿಮ್ಮ ಕೈ ಸಡಿಲ ಆಗುತ್ತೆ. ಅದಕ್ಕೇ ತಡೆ ಅಂದೆ. ಏನು ಹೇಳಿದ್ರಿ?”

ಸಾಲಿನವರು ನೋಡುತ್ತಲೇ ಇದ್ದರು. ಅವಳು ತಲೆಯಾಡಿಸಿ ಏನಿಲ್ಲ ಎಂದು ಕೈಸನ್ನೆ ಮಾಡಿದಳು. ಅವರು ಅವಳ ಮುಖವನ್ನು ಒಂದು ಗಳಿಗೆ ನೋಡಿ, ಜೇಬಿನಿಂದ ಚೀಟಿ ತೆಗೆದು ವಿಳಾಸ ಬರೆದುಕೊಟ್ಟು ಬಸ್ಸು ಹತ್ತಿದರು.

ಭಾನುವಾರ ಅವಳು ಕಾಗದ ಬರೆಯಲು ಕೂತಳು. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮಿನ ಈಚೆ ಕೂತು ಹೇಳಿದ್ದ ಆ ಎರಡು ಮಾತನ್ನು ಹಾಗೆಯೇ ಬರೆದು ಮುಗಿಸಿದಳು. ಎರಡು ವಾರಕ್ಕೆ ಉತ್ತರ ಬಂತು: ‘ಕಾಗದ ನಾಲ್ಕು ಸಲ ಓದಿದೆ. ನನಗೂ ಇಲ್ಲಿ ಜೊತೆಯಿಲ್ಲ. ಮಗಳು ಕಿವಿಗೆ ಯಂತ್ರ ಹಾಕಿಸುತ್ತೇನೆ ಎನ್ನುತ್ತಿದ್ದಾಳೆ. ಹಾಕಿಸಿದ ಮೇಲೆ ಬರುತ್ತೇನೆ.’

ಆಮೇಲೆ ಬೇರೆ ಕಾಗದ ಬರಲಿಲ್ಲ. ಅವಳು ತಿಂಗಳಿಗೊಂದು ಬರೆಯುತ್ತಲೇ ಇದ್ದಾಳೆ.