ನೂರ ತೊಂಬತ್ತು ಪೌಂಡ್ ಬಿಡಿಭಾಗ

ನಾರ್ಬಿಯಂಥ ಸಣ್ಣ ಊರಿನಿಂದ ವಿಮಾನ ಹತ್ತುವವರು ಎರಡು ಗಂಟೆ ಮುಂಚೆ ಬರಬಾರದು. ಇದು ಮೊದಲನೆಯ ಮಾತು. ದೊಡ್ಡ ಊರಿನವರು ಹಾಗೆ ಬಂದು, ಬೀಗ ಹಾಕಿದ ಬಾಗಿಲ ಮುಂದೆ ಪೆಟ್ಟಿಗೆ ಇಟ್ಟುಕೊಂಡು ನಿಂತು, ಆಮೇಲೆ ನನ್ನ ಮೇಲೆ ಹರಿಹಾಯುತ್ತಾರೆ. ಬೀಗದ ಕೈ ನನ್ನ ಹತ್ತಿರ ಇರುತ್ತದೆ, ನಾನು ಮನೆಯಲ್ಲಿ ಊಟ ಮಾಡುತ್ತಿರುತ್ತೇನೆ. ದಿನಕ್ಕೆ ಒಂದೇ ವಿಮಾನ, ಮಧ್ಯಾಹ್ನ ಮೂರಕ್ಕೆ, ಬಿಲ್ಲಿಂಗ್ಸ್ ನಗರಕ್ಕೆ. ಒಂಬತ್ತು ಸೀಟು. ಟಿಕೆಟ್ ಕೊಡುವವಳು, ಪೆಟ್ಟಿಗೆ ಹೊರುವವಳು, ರನ್‌ವೇ ಮೇಲೆ ಬಂದ ಜಿಂಕೆಗಳನ್ನು ಟ್ರಕ್ಕಿನಲ್ಲಿ ಅಟ್ಟಿಸಿಕೊಂಡು ಹೋಗುವವಳು ಎಲ್ಲ ನಾನೇ, ಮಾರ್ಲಿಸ್. ಕಾಫಿ ಬೇಕಾದರೆ ನೀವೇ ಮಾಡಿಕೊಳ್ಳಿ.

ಎರಡನೆಯದು, ನಾನು ನಿಮ್ಮ ತೂಕ ಕೇಳುತ್ತೇನೆ. ಪೆಟ್ಟಿಗೆಯದ್ದಲ್ಲ, ನಿಮ್ಮದು. ಸಣ್ಣ ವಿಮಾನ, ಎಷ್ಟು ಭಾರ ಹೇರಿದ್ದೇವೆ ಎಂದು ಪೈಲಟ್‌ಗೆ ಕಾಗದದಲ್ಲಿ ಬರೆದು ಕೊಡಬೇಕು. ಇಪ್ಪತ್ತಾರು ವರ್ಷದಿಂದ ಕೇಳುತ್ತಿದ್ದೇನೆ, ನಿಜ ಹೇಳಿದವರು ಬೆರಳೆಣಿಕೆಯಷ್ಟು. ಹೆಂಗಸರು ಮದುವೆಯಾದ ವರ್ಷದ ತೂಕ ಹೇಳುತ್ತಾರೆ, ಗಂಡಸರು ಸೈನ್ಯಕ್ಕೆ ಸೇರಿದ ವರ್ಷದ್ದು. ತೂಗಿ ನೋಡೋಣವೆಂದರೆ ನಮ್ಮಲ್ಲಿರುವ ಯಂತ್ರ ಪೆಟ್ಟಿಗೆಗಳದ್ದು, ನೂರೈವತ್ತು ಪೌಂಡ್ ದಾಟಿದರೆ ಮುಷ್ಕರ ಹೂಡುತ್ತದೆ. ಎದುರಿಗೇ ಸುಳ್ಳು ಎನ್ನೋಣವೆಂದರೆ ನಾನೂ ಇದೇ ಊರಿನಲ್ಲಿ ಬಾಳಬೇಕಲ್ಲ.

ಹಾಗಾಗಿ ನಾನೇ ಒಂದು ದಾರಿ ಕಂಡುಕೊಂಡಿದ್ದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವುದು. ಯಾರು ಎಷ್ಟು ಮುಚ್ಚಿಟ್ಟರೆಂದು ಕಣ್ಣಂದಾಜಿನಲ್ಲಿ ಕೂಡಿಸಿ, ಕೊನೆಯಲ್ಲಿ 'ಸರಕು: ಟ್ರ್ಯಾಕ್ಟರ್ ಬಿಡಿಭಾಗ, ಇಷ್ಟು ಪೌಂಡ್' ಎಂದು ಸೇರಿಸಿಬಿಡುವುದು. ಒಟ್ಟು ಲೆಕ್ಕ ಸರಿ, ವಿಮಾನ ಕ್ಷೇಮ, ಎಲ್ಲರ ಮಾನವೂ ಕ್ಷೇಮ. ಹಳೆಯ ಪೈಲಟ್‌ಗಳಿಗೆ ಇದು ಗೊತ್ತಿತ್ತು. ಯಾರೂ ಆ ಬಿಡಿಭಾಗಗಳನ್ನು ಹುಡುಕಲು ಹೋಗಿರಲಿಲ್ಲ.

ಕಳೆದ ಆಗಸ್ಟಿನ ಒಂದು ಬುಧವಾರ ಬಿಸಿಲು ನೂರಾ ಎರಡು ಡಿಗ್ರಿ ಫ್ಯಾರನ್‌ಹೀಟ್. ಅಂಥ ದಿನ ಗಾಳಿಗೆ ವಿಮಾನವನ್ನು ಎತ್ತುವ ಕಸುವು ಕಡಿಮೆ, ಭಾರವನ್ನು ಇಳಿಸಬೇಕಾಗುತ್ತದೆ. ಎಂಟು ಜನ ಬಂದಿದ್ದರು. ಪಾಸ್ಟರ್ ಲಿಂಡ್‌ಗ್ರೆನ್ ಇದ್ದರು, ಬಿಲ್ಲಿಂಗ್ಸ್‌ನಿಂದ ಮುಂದಿನ ವಿಮಾನ ಹಿಡಿಯಬೇಕಾದ ಆರು ಮಂದಿ ಇದ್ದರು, ಮತ್ತು ನನ್ನ ಅತ್ತಿಗೆ ಓರ್ಫಾ. ತೀರಿಕೊಂಡ ನನ್ನ ಅಣ್ಣನ ಹೆಂಡತಿ. ನಮಗಿಬ್ಬರಿಗೂ ಎಣ್ಣೆ ಸೀಗೆಕಾಯಿ. ಅವಳು ಪ್ರತಿ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ತೂಕ ಇಳಿಸುವ ಸಂಘ ನಡೆಸುತ್ತಾಳೆ. ಊರಿನವರನ್ನೆಲ್ಲ ತೂಗಿ, ಒಂದು ಸಿಹಿ ಕ್ಯಾರಮೆಲ್ ರೋಲ್ ಹೆಚ್ಚು ತಿಂದವರಿಗೂ ಅರ್ಧ ಗಂಟೆ ಬುದ್ಧಿ ಹೇಳುತ್ತಾಳೆ. ಅವಳನ್ನು ತೂಗುವ ಧೈರ್ಯ ಯಾರಿಗೂ ಇಲ್ಲ. ಅವತ್ತು ಚೀಲ ಸೇರಿ ನೂರೈವತ್ತು ಎಂದಳು. ನಾನು ಮುಖ ತಗ್ಗಿಸಿ ಬರೆದುಕೊಂಡೆ.

ಎಂಟು ಜನರ ಬಿಡಿಭಾಗ ನೂರ ತೊಂಬತ್ತು ಪೌಂಡ್ ಆಯಿತು. ಉಳಿದದ್ದು ನಲವತ್ತು ಪೌಂಡ್ ಜಾಗ. ಕಾಗದ ಮುಗಿಸುವಷ್ಟರಲ್ಲಿ ವರ್ಲಿನ್ ಹೌಗೆನ್ ಒಳಗೆ ಬಂದ.

ವರ್ಲಿನ್‌ಗೆ ಎಪ್ಪತ್ತೊಂದು. ಗೋಧಿ ಬೆಳೆಯುತ್ತಾನೆ, ಮದುವೆಯಾಗಿಲ್ಲ. ಹಲ್ಲು ತೋರಿಸಲು ಬಿಲ್ಲಿಂಗ್ಸ್‌ಗೆ ಹೋಗಬೇಕೆಂದ. ಅವನ ಬಾಯಲ್ಲಿ ಸ್ವಂತದ್ದೆನ್ನುವ ಹಲ್ಲು ಒಂದೂ ಇಲ್ಲ. ವಿಷಯ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮೂವತ್ತು ವರ್ಷ ನಮ್ಮ ಗ್ರಂಥಾಲಯ ನೋಡಿಕೊಂಡ ಆರ್ಡಿತ್ ಅದರ ಹಿಂದಿನ ವರ್ಷ ಬಿಲ್ಲಿಂಗ್ಸ್‌ಗೆ ಹೋಗಿ ನೆಲೆಸಿದ್ದಳು. ಆ ಬುಧವಾರದ ಮರುದಿನ ಬೆಳಿಗ್ಗೆ ಅರಿಝೋನಾಕ್ಕೆ, ತಂಗಿಯ ಊರಿಗೆ, ಶಾಶ್ವತವಾಗಿ ಹೊರಡುವವಳಿದ್ದಳು. ಮೂವತ್ತು ವರ್ಷ ವರ್ಲಿನ್ ಪ್ರತಿ ಶನಿವಾರ ಪುಸ್ತಕ ತಂದು, ಓದದೆ, ಮುಂದಿನ ಶನಿವಾರ ಹಿಂತಿರುಗಿಸಿದ್ದ. ಕೇಳಬೇಕಾದ ಒಂದು ಮಾತನ್ನು ಮಾತ್ರ ಕೇಳಿರಲಿಲ್ಲ. ಕಾರಿನಲ್ಲಿ ಹೋಗೋಣವೆಂದರೆ ಅಂಚೆ ಕಚೇರಿಯ ಗೋಡೆಗೆ ಟ್ರಕ್ ನುಗ್ಗಿಸಿ ಚಳಿಗಾಲದಲ್ಲೇ ಲೈಸೆನ್ಸ್ ಕಳೆದುಕೊಂಡಿದ್ದ. ಅವತ್ತಿನ ವಿಮಾನ ತಪ್ಪಿದರೆ ಮುಗಿಯಿತು.

ತೂಕ ಕೇಳಿದೆ. ಚೀಲ ಸೇರಿ ಇನ್ನೂರ ಇಪ್ಪತ್ತೈದು ಎಂದ. ನಲವತ್ತು ಪೌಂಡ್ ಜಾಗದಲ್ಲಿ ಇವನನ್ನು ತೂರಿಸುವುದು ಹೇಗೆಂಬ ಚಿಂತೆಯಲ್ಲಿ ತಲೆಯೆತ್ತಿ ನೋಡದೆ ಬರೆದೆ. ನನ್ನ ತಪ್ಪು ಅದೇ.

ಪೈಲಟ್ ಹೊಸಬಳು, ಪ್ರೀಟೊ ಎಂದು. ಫ್ಲಾರಿಡಾದಿಂದ ಬಂದು ಎರಡು ವಾರವಾಗಿತ್ತು. ಕಾಗದ ನೋಡಿ, ಇದಕ್ಕೇಕೆ ಇಷ್ಟು ತಲೆಬಿಸಿ ಎಂದಳು. ಟ್ರ್ಯಾಕ್ಟರ್ ಬಿಡಿಭಾಗ ನಾಳೆ ಹೋಗಲಿ, ಅಜ್ಜ ಇವತ್ತು ಬರಲಿ.

ಅದು ಆಗುವುದಿಲ್ಲ ಎಂದೆ. ಯಾಕೆಂದಳು. ತುರ್ತು ಸಾಮಾನು ಎಂದೆ. ಬಿಲ್ಲಿಂಗ್ಸ್‌ನಲ್ಲೇ ಟ್ರ್ಯಾಕ್ಟರ್ ಅಂಗಡಿಗಳಿವೆ, ನಾರ್ಬಿಯಿಂದ ಅಲ್ಲಿಗೆ ಬಿಡಿಭಾಗ ಯಾರು ಕಳಿಸುತ್ತಾರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿಂದಿನ ಕೋಣೆಗೆ ಹೋದಳು. ಅಲ್ಲಿದ್ದದ್ದು ಒಂದು ಪೊರಕೆ ಮತ್ತು ನನ್ನ ಚಳಿಗಾಲದ ಬೂಟು. ವಾಪಸ್ ಬಂದು ಎಲ್ಲರೆದುರಿಗೇ ಕೇಳಿದಳು.

"ಎಲ್ಲಿದೆ ಮ್ಯಾಮ್ ಸರಕು?"

ಸುಳ್ಳಿಗೆ ಸುಳ್ಳು ಪೋಣಿಸುವ ವಯಸ್ಸು ನನ್ನದಲ್ಲ.

"ಕುರ್ಚಿಗಳ ಮೇಲೆ ಕೂತಿದೆ ಕಣಮ್ಮ," ಎಂದೆ. "ಎಂಟು ಜನರಲ್ಲಿ ಹಂಚಿಕೊಂಡು ಕೂತಿದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕೂತವರಿಗೆ ತಕ್ಷಣ ಆಯಿತು. ಒಬ್ಬರು ಪತ್ರಿಕೆ ಬಿಡಿಸಿದರು, ಇನ್ನೊಬ್ಬರಿಗೆ ಕಿಟಕಿಯಾಚೆ ಬಹಳ ಮುಖ್ಯವಾದದ್ದೇನೋ ಕಾಣಿಸಿತು. ಪಾಸ್ಟರ್ ಕಣ್ಣು ಮುಚ್ಚಿದರು, ಪ್ರಾರ್ಥನೆಯೋ ಏನೋ.

ಪ್ರೀಟೊ ಕೂಗಾಡಲಿಲ್ಲ. ಕಂಪನಿಗೆ ವರದಿ ಮಾಡುತ್ತೇನೆ, ಅದು ಆಮೇಲೆ ಎಂದಳು. ಸದ್ಯಕ್ಕೆ ಈ ನೂರ ತೊಂಬತ್ತರಲ್ಲಿ ಯಾರದೆಷ್ಟು ಎಂದು ಗೊತ್ತಾಗದೆ ತಾನು ಚಕ್ರ ಉರುಳಿಸುವುದಿಲ್ಲ. ಈ ಅಜ್ಜನಿಗೆ ಸೀಟು ಬೇಕಾದರೆ ಒಬ್ಬರು ಇಲ್ಲೇ ಉಳಿಯಬೇಕು, ಅದೂ ಚೀಲ ಸೇರಿ ಕನಿಷ್ಠ ನೂರ ಎಂಬತ್ತೈದು ಪೌಂಡ್ ತೂಗುವವರು.

ವರ್ಲಿನ್ ಟೊಪ್ಪಿ ಕೈಯಲ್ಲಿ ಹಿಡಿದು, ಪರವಾಗಿಲ್ಲ, ಹಲ್ಲು ತಾನೆ, ಇನ್ನೊಂದು ದಿನ ತೋರಿಸಿದರಾಯಿತು ಎಂದ. ಹಾಗೆಂದವನು ಬಾಗಿಲ ಕಡೆ ಒಂದು ಹೆಜ್ಜೆಯನ್ನೂ ಇಡದಿದ್ದುದನ್ನು ನಾನು ನೋಡಿದೆ, ಓರ್ಫಾಳೂ ನೋಡಿದಳು. ಅವಳು ಎದ್ದಳು. ತಾನು ಹೋಗುತ್ತಿರುವುದು ಅಕ್ಕನ ಮನೆಗೆ, ನಾಳೆ ಹೋದರೂ ನಡೆಯುತ್ತದೆ ಎಂದಳು.

ಪ್ರೀಟೊ ಕಾಗದ ನೋಡಿದಳು. ನೂರೈವತ್ತು. ಇನ್ನೂ ಮೂವತ್ತೈದು ಸಾಲದು ಎಂದಳು.

ನಾನು ಒಂದು ಮಾತು ಹೇಳಿಬಿಡಬಹುದಿತ್ತು. ಆ ಮಾತಿಗಾಗಿ ಎಷ್ಟೋ ವರ್ಷ ಕಾದಿದ್ದೆ ಎಂದರೂ ಸರಿಯೇ. ಆದರೆ ಅವಳ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ಓರ್ಫಾಳ ಕತ್ತು ಕೆಂಪಾಗಿ, ಆ ಕೆಂಪು ಕಿವಿಗೇರಿತು.

"ಆ ಬಿಡಿಭಾಗದಲ್ಲಿ ನಲವತ್ತೆರಡು ನಂದು," ಎಂದಳು. "ಬರ್ಕೊ ಮಾರ್ಲಿಸ್. ದೊಡ್ಡಕ್ಷರದಲ್ಲಿ ಬರ್ಕೊ."

ಒಬ್ಬರೂ ನಗಲಿಲ್ಲ. ಪಾಸ್ಟರ್ ಕಣ್ಣು ತೆರೆದು, ತಮ್ಮದು ಇಪ್ಪತ್ತೆಂಟು ಎಂದರು. ಆಮೇಲೆ ಮಿಕ್ಕವರೂ ಒಬ್ಬೊಬ್ಬರಾಗಿ ಕೌಂಟರಿಗೆ ಬಂದು ಒಪ್ಪಿಕೊಂಡರು, ಹದಿನಾರು, ಇಪ್ಪತ್ತೊಂದು, ಮೂವತ್ತು ಎಂದು. ಭಾನುವಾರ ಚರ್ಚಿನಲ್ಲೂ ಇಷ್ಟು ಪ್ರಾಮಾಣಿಕವಾಗಿ ಯಾರೂ ತಪ್ಪೊಪ್ಪಿಕೊಂಡಿರಲಾರರು. ಒಟ್ಟು ನೂರ ಎಂಬತ್ತಾರಾಯಿತು. ನಾಲ್ಕು ಪೌಂಡಿಗೆ ವಾರಸುದಾರರು ಸಿಗಲಿಲ್ಲ. ಪ್ರೀಟೊ ಅದನ್ನು ನನ್ನ ಕಣ್ಣಿನ ದೋಷಕ್ಕೆ ಬಿಟ್ಟು, ವರ್ಲಿನ್ ಕಡೆ ತಿರುಗಿದಳು. ನೀವು ಎಷ್ಟು ಮುಚ್ಚಿಟ್ಟಿದ್ದೀರಿ ಅಜ್ಜ ಎಂದು ಕೇಳಿದಳು.

ಆಗ ನಾನು ಅವನನ್ನು ನಿಜವಾಗಿ ನೋಡಿದೆ. ಅಂಗಿಯೊಳಗೆ ಇನ್ನೊಬ್ಬ ವರ್ಲಿನ್‌ಗೆ ಜಾಗವಿತ್ತು.

"ನೂರ ಅರವತ್ತೆಂಟು," ಎಂದ. "ಚೀಲ ಸೇರಿ. ನಾನು ಜಾಸ್ತಿ ಹೇಳ್ದೆ."

ಇಂಥ ಸುಳ್ಳನ್ನು ಇಪ್ಪತ್ತಾರು ವರ್ಷದಲ್ಲಿ ನಾನು ಕೇಳಿರಲಿಲ್ಲ. ಪ್ರೀಟೊ ಪೆನ್ನು ಹಿಡಿದು ಕೂಡಿ ಕಳೆದಳು. ಇವನು ಮೊದಲೇ ನಿಜ ಹೇಳಿದ್ದರೆ ಓರ್ಫಾಳ ನೂರೈವತ್ತೇ ಸಾಕಾಗುತ್ತಿತ್ತು, ನಲವತ್ತೆರಡರ ಮಾತೇ ಬೇಕಿರಲಿಲ್ಲ ಎಂದಳು. ಆ ಹುಡುಗಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳುವ ಚಟ.

ಓರ್ಫಾ ನಿಧಾನವಾಗಿ ಅವನ ಹತ್ತಿರ ಹೋದಳು. ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕಲಿತವರು. ಹೊಡೆದುಬಿಡುತ್ತಾಳೆಂದು ನಾನು ಕೌಂಟರಿನಿಂದ ಆಚೆ ಬಂದೆ.

"ಯಾಕೋ ಜಾಸ್ತಿ ಹೇಳ್ದೆ?"

"ಜಾಗ ಇಲ್ಲ ಅಂದ್ರೆ ವಾಪಸ್ ಹೋಗ್ಬಹುದಿತ್ತು. ನಾನು ಹೊರಟಿದ್ದೆ, ವಿಮಾನದವರು ಬಿಡ್ಲಿಲ್ಲ ಅಂತ ಅಂದ್ಕೊಂಡು ಇರ್ಬಹುದಿತ್ತು." ಅವನು ಟೊಪ್ಪಿಯನ್ನು ಹಿಂಡಿದ. "ಅವಳು ಬೇಡ ಅಂದ್ಬಿಟ್ರೆ ಏನ್ಮಾಡ್ಲಿ ಓರ್ಫಾ?"

"ಬೇಡ ಅಂದ್ರೆ ನಾಳೆ ವಿಮಾನಕ್ಕೆ ವಾಪಸ್ ಬಾ. ಪಾಸ್ಟರ್ ಮುಂದೆ ನಲವತ್ತೆರಡು ಪೌಂಡ್ ಅಂತ ಹೇಳಿ ನಾನು ಸತ್ನಾ? ನಿಂತಿದೀನಿ ನೋಡು. ಬೇಡ ಅನ್ನಿಸ್ಕೊಂಡು ನೀನೂ ಸಾಯಲ್ಲ. ನಡಿ."

ಅವನ ತೋಳು ಹಿಡಿದು ಕಾದ ಡಾಂಬರಿನ ಮೇಲೆ ವಿಮಾನದ ತನಕ ತಾನೇ ನಡೆಸಿಕೊಂಡು ಹೋದಳು. ಪಾಸ್ಟರ್ ಒಳಗಿನಿಂದ ಕೈಕೊಟ್ಟು ಎಳೆದುಕೊಂಡರು. ವಿಮಾನ ರನ್‌ವೇಯನ್ನು ಕೊನೆಯ ಗಜದವರೆಗೂ ಬಳಸಿಕೊಂಡು ಎದ್ದಿತು.

ಮರುದಿನ ಓರ್ಫಾ ತನ್ನ ಚೀಲದೊಂದಿಗೆ ಬಂದಳು. ಬಿಲ್ಲಿಂಗ್ಸ್‌ನಿಂದ ವಿಮಾನ ಇಳಿಯುವ ಹೊತ್ತಿಗೆ ನಾವಿಬ್ಬರೂ ಕಿಟಕಿಗೆ ಅಂಟಿಕೊಂಡು ನಿಂತಿದ್ದೆವು. ಮೆಟ್ಟಿಲಲ್ಲಿ ಆರು ಜನ ಇಳಿದರು. ಓರ್ಫಾ ಏಳನೆಯವನಿಗಾಗಿ ಕಾದಳು, ನಾನೂ ಕಾದೆ. ಪ್ರೀಟೊ ಹೊರಬಂದು ಬಾಗಿಲು ಎಳೆದುಕೊಂಡಳು.

"ಇಳೀಲಿಲ್ಲ ಕಣೆ ಮಾರ್ಲಿಸ್," ಎಂದಳು ಅತ್ತಿಗೆ. ನನ್ನ ಕೈ ಹಿಡಿದುಕೊಂಡಳು. ನನಗೆ ಅಳು ಬಂತು.