ಎರಡನೇ ಕುರ್ಚಿಯ ಕತ್ತಿ

ಬೆಳಕು ಅಲಗಿನ ಮೇಲೆ ಬಿದ್ದು ಜಾರಿ ಚಾವಣಿಗೆ ಹಾರಿತು, ಬಿಳಿಯ ಮೀನೊಂದು ಅಲ್ಲಿ ಈಜುತ್ತಿದೆ, ಮಣಿಕಟ್ಟನ್ನು ಇಷ್ಟೇ ಇಷ್ಟು ತಿರುಗಿಸಿದರೆ ಗೋಡೆಗಿಳಿಯುತ್ತದೆ, ತೂಗುಹಾಕಿದ ಕತ್ತರಿಗಳನ್ನೆಲ್ಲ ಸವರಿಕೊಂಡು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ಮಾವನ ಬೋಳುತಲೆಯ ಮೇಲೆ ಒಂದು ಗಳಿಗೆ ನಿಂತು — ಅಯ್ಯೋ, ಸಾಕು, ಗಂಡನ ಅಪ್ಪನ ತಲೆ ಅದು, ಕ್ಷೌರದ ಕತ್ತಿ ಆರಿಸಲು ಬಂದವಳು ಬಿಸಿಲಾಟ ಆಡುತ್ತಿದ್ದಾಳೆ ಅಂದುಕೊಂಡಾರು, ಅವಳು ಕತ್ತಿಯನ್ನು ಮಡಿಸಿದಳು, ಟಿಕ್, ಎಂಥ ಮುದ್ದಾದ ಸದ್ದು, ಒಡವೆ ಪೆಟ್ಟಿಗೆಯ ಮುಚ್ಚಳ ಹಾಕಿದ ಹಾಗೆ, ಇನ್ನೊಮ್ಮೆ ತೆರೆದಳು, ಇನ್ನೊಮ್ಮೆ ಟಿಕ್. ಕತ್ತಿ ಅಂಗಡಿಯವನು ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಮೂರನ್ನು ಸಾಲಾಗಿ ಇಟ್ಟಿದ್ದಾನೆ, ಒಂದಕ್ಕೆ ಮುತ್ತಿನ ಚಿಪ್ಪಿನ ಹಿಡಿ, ಒಂದಕ್ಕೆ ಕೊಂಬಿನದು, ಒಂದಕ್ಕೆ ಕಪ್ಪು ಮರದ್ದು, ಇಟ್ಟದ್ದು ಅವಳ ಮುಂದೆ, ಆದರೆ ಮಾತು ಮಾತ್ರ ಅವಳ ತಲೆಯ ಮೇಲಿಂದ ಹಾದು ಬಾಗಿಲಿಗೆ ಹೋಗುತ್ತದೆ, ಯಜಮಾನರೇ ಯಾವುದು ಕಟ್ಟಲಿ, ಮಾವ ಪೇಪರಿನಿಂದ ಮುಖ ಎತ್ತುವುದಿಲ್ಲ, ನನ್ನ ಕೇಳಬೇಡಪ್ಪ, ಅವಳ ಕತ್ತಿ, ಅವಳೇ ಆರಿಸ್ತಾಳೆ. ಬಂದಾಗಿನಿಂದ ಅದೇ ಪುಟ, ಸಿಮೆಂಟಿನ ಜಾಹೀರಾತು, ಈ ವಯಸ್ಸಿನಲ್ಲಿ ಮನೆ ಕಟ್ಟಿಸುತ್ತಾರೇನೋ, ಒಮ್ಮೆ ಕೆಮ್ಮಿದರೂ ಸಾಕಿತ್ತು, ಯಾವುದನ್ನು ಎತ್ತಿದಾಗ ಕೆಮ್ಮುತ್ತಾರೆ ನೋಡಿ ತಿಳಿದುಕೊಳ್ಳಬಹುದಿತ್ತು, ಆ ಮೀಸೆಯಾದರೂ ಒಂದಿಷ್ಟು ಅಲುಗಬಾರದೇ, ಕಲ್ಲಿನಲ್ಲಿ ಕೆತ್ತಿದ ಮೀಸೆ.

ಕತ್ತರಿ ಕೊಟ್ಟಾಗ ಹೀಗಿರಲಿಲ್ಲ, ತಗೊಳ್ಳಮ್ಮ ಅಂತ ತಮ್ಮದನ್ನೇ ಕೈಗಿಟ್ಟರು, ಮಗನಿಗೆ ಲಾರಿಯ ಸ್ಟೇರಿಂಗು ಬಿಟ್ಟರೆ ಬೇರೇನೂ ಹಿಡಿಸಲಿಲ್ಲ, ಸೊಸೆಗೆ ಹಿಡಿಸಿತು, ಮಾವನ ಕ್ಷೌರದಂಗಡಿಯ ಎರಡು ಕುರ್ಚಿಗಳಲ್ಲಿ ಬಟ್ಟೆ ಹೊದ್ದು ಕೂತಿದ್ದ ಎರಡನೆಯದು ಅವಳದಾಯಿತು, ತಲೆ ಎಷ್ಟು ಬೇಕಾದರೂ ಕತ್ತರಿಸು, ಗಡ್ಡ ಮಾತ್ರ ಈಗಲೇ ಬೇಡ, ಕತ್ತರಿ ತಪ್ಪಿದ್ರೆ ಕೂದಲು ಮತ್ತೆ ಬೆಳೆಯುತ್ತೆ, ಕತ್ತಿ ತಪ್ಪಿದ್ರೆ ಗಿರಾಕಿ ಮತ್ತೆ ಬೆಳೆಯಲ್ಲ. ಅದಕ್ಕೇ ಬಲೂನು, ಊದಿ ಕಟ್ಟಿ ನೊರೆ ಬಳಿದು ಮಾವನ ಹಳೇ ಕತ್ತಿಯಿಂದ ನಯವಾಗಿ ಹೆರೆಯಬೇಕು, ಮೊದಲನೆಯದು ಢಂ ಅಂದಾಗ ಅಡುಗೆಮನೆಯಿಂದ ಅತ್ತೆ ಕೂಗಿದರು, ಅಯ್ಯಯ್ಯೋ ಏನಾಯ್ತೇ, ಮಾವ ಜಗಲಿಯಿಂದಲೇ ಉತ್ತರ ಕೊಟ್ಟರು, ಏನಿಲ್ಲ ಕಣೇ, ಒಬ್ಬ ಗಿರಾಕಿ ಹೋದ. ನೊರೆ ಗೋಡೆಯ ಮೇಲೆ, ಕ್ಯಾಲೆಂಡರಿನ ಮೇಲೆ, ಅವಳ ಹುಬ್ಬಿನ ಮೇಲೆ, ಎಷ್ಟು ಗಿರಾಕಿಗಳು ಹೋದರೋ ಲೆಕ್ಕವಿಟ್ಟವರಿಲ್ಲ, ಆಮೇಲೆ ಒಂದು ದಿನ ಹೋಗುವುದು ನಿಂತಿತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನೊರೆ ಬರತೊಡಗಿತು, ಆ ಸಂಜೆ ಗಂಡ ಯಾವುದೋ ಹೆದ್ದಾರಿಯ ಬದಿಯಿಂದ ಫೋನು ಮಾಡಿದಾಗ ಬಂದ ಕೂಡಲೇ ನಿಮ್ಮ ಕೆನ್ನೆ ಕೊಡಿ ಅಂದಳು, ಬಲೂನಿಗೆ ಹೆಂಡತಿಯಿಲ್ಲ ಕಣೇ, ನನಗಿದ್ದಾಳೆ, ಅಂದು ನಕ್ಕು ಫೋನಿಟ್ಟ, ನನ್ನ ಕತ್ತಿ ತಪ್ಪಿಸಿಕೊಳ್ಳಲು ಈ ಸಲ ಗಡ್ಡ ಬಿಟ್ಟುಕೊಂಡೇ ಬರುತ್ತಾನೆ, ನೋಡುತ್ತಿರಿ. ನಗುವವರು ನಗಲಿ, ಆದರೆ ಮುಳ್ಳುಹಂದಿ ನಕ್ಕದ್ದು ಹಾಗಲ್ಲ, ಗೋಡೆಗೆ ಬಣ್ಣ ಬಳಿಯುವ ಗಿರಾಕಿ, ಬೆಳಿಗ್ಗೆ ಬೋಳಿಸಿದರೆ ಮಧ್ಯಾಹ್ನಕ್ಕೆ ಮುಳ್ಳು, ಅದಕ್ಕೇ ಆ ಹೆಸರು, ಮಾವ ಇನ್ನು ಮುಂದೆ ಇವಳೂ ಗಡ್ಡ ಮಾಡ್ತಾಳೆ ಅಂದದ್ದೇ ತಡ, ಹೆಂಗಸಿನ ಮುಂದೆ ಮನೇಲಿ ದಿನಾ ಕತ್ತು ಬಗ್ಗಿಸ್ತೀನಲ್ಲ, ಇಲ್ಲೂ ಯಾಕೆ ಅಂದ, ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳೂ ನಕ್ಕಳು, ನಗದೆ ಏನು ಮಾಡುವುದು, ನಗುತ್ತಲೇ ಕುರ್ಚಿ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಎದುರಂಗಡಿಯಲ್ಲಿ ಬ್ಲೇಡು ಮುರಿದು ಸಿಕ್ಕಿಸುವ ಕತ್ತಿ, ಮಾವನದು ಸಾಣೆಕಲ್ಲಿಗೆ ಹಿಡಿದು ತೊಗಲಿನ ಪಟ್ಟಿಗೆ ಉಜ್ಜುವ ಕತ್ತಿ, ಆ ಕತ್ತಿಗಾಗಿಯೇ ಜನ ಬರುತ್ತಾರೆ, ಬಂದವರನ್ನೆಲ್ಲ ಮಾವನೇ ನಿಂತು ನೋಡಿಕೊಳ್ಳಬೇಕು, ಸಂಜೆಗೆ ಮೊಣಕಾಲು ಊದಿಕೊಳ್ಳುತ್ತದೆ, ಅತ್ತೆ ಎಣ್ಣೆ ತಿಕ್ಕುತ್ತಾ ಬೈಯುತ್ತಾರೆ, ಸಾಕು ಮುಚ್ಚಿ ಆ ಅಂಗಡೀನ, ಬೈದು ಮತ್ತೆ ತಿಕ್ಕುತ್ತಾರೆ, ಎರಡನೇ ಕುರ್ಚಿಯಲ್ಲಿ ಗಡ್ಡಗಳು ಕೂರದಿದ್ದರೆ ಅತ್ತೆಯ ಮಾತೇ ನಿಜವಾಗುತ್ತದೆ.

ಮುತ್ತಿನ ಚಿಪ್ಪಿನದು, ಆಹಾ, ಇದೇ, ಇನ್ನು ನೋಡುವುದೇನು, ಹಿಡಿಯೊಳಗೆ ಗುಲಾಬಿ ಹಸಿರು ಎಲ್ಲ ಅಲೆಯಾಡುತ್ತವೆ, ಅಲಗಿನಲ್ಲಿ ಅವಳ ಒಂದು ಕಣ್ಣು, ಕಣ್ಣಿನಲ್ಲಿ ಅಂಗಡಿಯ ಕಿಟಕಿ, ಇದುವರೆಗೆ ಅವಳಿಗಾಗಿಯೇ ಅವಳೇ ಆರಿಸಿದ್ದು ಏನಿದೆ, ಮದುವೆಯ ಸೀರೆ ಅತ್ತೆ ಆರಿಸಿದ್ದು, ಫೋನು ಗಂಡ ಬಳಸಿ ಬಿಟ್ಟದ್ದು, ಕೆಲಸದ ನಿಲುವಂಗಿ ಮಾವನದನ್ನೇ ಕತ್ತರಿಸಿ ಹೊಲಿದದ್ದು, ಇದೊಂದು, ಇದೊಂದನ್ನು ಜೇಬಿನಿಂದ ತೆಗೆದರೆ ಮುಳ್ಳುಹಂದಿಯ ಬಾಯಿ ತಾನಾಗಿಯೇ ಮುಚ್ಚೀತು — ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಕೊಳ್ಳೋಕಾಗುತ್ತೇನೇ, ಅತ್ತೆ ಇಲ್ಲಿಗೂ ಬಂದುಬಿಟ್ಟರು, ಮನೆಯಲ್ಲೇ ಕೂತು ಕಿವಿಯೊಳಗೆ ಮಾತಾಡುವ ವಿದ್ಯೆ ಅವರಿಗೇ ಗೊತ್ತು. ಹೌದು, ನಮ್ಮ ಅಂಗಡಿಯಲ್ಲಿ ಕೈ ಒಣಗಿರುವುದು ಯಾವಾಗ, ಬೆಳಗಿನಿಂದ ಸಂಜೆಯವರೆಗೆ ನೀರು, ಸಾಬೂನು, ನೊರೆ. ಅಣ್ಣಾ, ಸ್ವಲ್ಪ ನೀರು ಕೊಡ್ತೀರಾ, ಒಂಚೂರು ಸಾಬೂನೂ ಬೇಕಿತ್ತು. ಅಂಗಡಿಯವನು ಮೊದಲ ಸಲ ಅವಳ ಮುಖ ನೋಡಿದ, ಕೈ ತೊಳೀಬೇಕಾ ತಂಗಿ, ಇಲ್ಲ, ಕೈ ಒದ್ದೆ ಮಾಡ್ಕೋಬೇಕು, ಅವನು ಬಾಗಿಲ ಕಡೆ ನೋಡಿದ, ಪೇಪರು ಅಲುಗಲಿಲ್ಲ, ಒಳಗೆ ಹೋಗಿ ತಂಬಿಗೆ ತಂದ. ನೊರೆಗೈಯಲ್ಲಿ ಚಿಪ್ಪಿನ ಹಿಡಿ ಹಿಡಿದರೆ ಅದು ಹಿಡಿಯಲ್ಲ, ಕೆರೆಯಿಂದ ಈಗಷ್ಟೇ ಎತ್ತಿದ ಮೀನು, ಪುಳಕ್ಕನೆ ಜಾರಿ ಬಟ್ಟೆಯ ಮೇಲೆ ಬಿತ್ತು, ಅವಳ ಎದೆಯೂ ಅದರ ಜೊತೆಗೇ ಬಿತ್ತು, ಇನ್ನೊಮ್ಮೆ ಹಿಡಿದಳು, ಒಂದು ಅವಕಾಶ ಕೊಡೋಣ ಚೆಲುವೆಗೆ, ಮತ್ತೆ ಜಾರಿತು. ಕೊಂಬಿನದು ಜಾರುವುದಿಲ್ಲ, ಆದರೆ ತಲೆಭಾರ, ತೆರೆದ ಕೂಡಲೇ ಊಟವಾದ ಮೇಲೆ ತೂಕಡಿಸುವವರ ಹಾಗೆ ಮುಂದಕ್ಕೆ ವಾಲುತ್ತದೆ, ದೊಡ್ಡ ಕೈಗೆ ಸರಿ, ಅವಳದು ಪುಟ್ಟ ಕೈ. ಕಪ್ಪು ಮರದ್ದನ್ನು ಎತ್ತಿದಳು, ನೋಡಲು ಏನೂ ಇಲ್ಲ, ಸುಟ್ಟ ಸೌದೆ ತುಂಡು, ಅಲಗಿನ ಬೆನ್ನಿಗೆ ಹೆಬ್ಬೆರಳು ಕೂತಿತು, ಬಾಲಕ್ಕೆ ಕಿರುಬೆರಳು, ನಡುವಿನ ಬೆರಳುಗಳು ಯಾರೂ ಹೇಳದೆ ತಮ್ಮ ತಮ್ಮ ಜಾಗ ಹುಡುಕಿಕೊಂಡವು, ಗಾಳಿಯಲ್ಲಿ ಒಂದು ಕೆನ್ನೆಯನ್ನು ಬೋಳಿಸಿದಳು, ದವಡೆ ತಿರುಗಿಸಿದಳು, ಗಲ್ಲದ ಕೆಳಗೆ ಇಳಿದಳು, ಕೈಯಲ್ಲಿ ಕತ್ತಿ ಇದೆ ಅನ್ನುವುದೇ ಮರೆತುಹೋಯಿತು. ಜಡೆಯಿಂದ ಒಂದು ಕೂದಲು ಕಿತ್ತು ಅಂಚಿಗೆ ತಾಗಿಸಿದಳು, ಸದ್ದಿಲ್ಲದೆ ಎರಡಾಯಿತು. ಚಿಪ್ಪಿನದು ಬಟ್ಟೆಯ ಮೇಲೆ ಮಲಗಿಕೊಂಡೇ ಗುಲಾಬಿಯಾಗಿ ಹೊಳೆದು ಕರೆಯಿತು, ಕರೆಯಬೇಡ ಮಾರಾಯ್ತಿ, ನನಗೂ ಹೊಟ್ಟೆ ಉರಿಯುತ್ತಿದೆ. ಇದು ಕೊಡಿ ಅಣ್ಣಾ, ಈ ಕಪ್ಪಿಂದು. ಹಿಂದಿನಿಂದ ಪೇಪರು ಮಡಿಸುವ ಸದ್ದು, ಮಾವ ಎದ್ದರು, ದಾರಿಯುದ್ದಕ್ಕೂ ಮೊಣಕಾಲು ನೋವಿನ ಮನುಷ್ಯ ಅವಳಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದರು, ಬಾಯಲ್ಲಿ ಅರೆಬರೆ ಸಿಳ್ಳೆ, ಮಾವನಿಗೆ ಸಿಳ್ಳೆ ಬರುತ್ತದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಕ್ಷೌರದಂಗಡಿಯ ಬಾಗಿಲಲ್ಲಿ ಮುಳ್ಳುಹಂದಿ ಕಾದು ನಿಂತಿದ್ದಾನೆ, ಕಿವಿಯ ಮೇಲೆ ನೀಲಿ ಬಣ್ಣ, ಮುಖದ ತುಂಬ ಮುಳ್ಳು, ಬೇಗ ಮಾಡಿ, ಸಂಜೆ ನಂಟರ ಮನೆಗೆ ಹೋಗಬೇಕು, ಮಾವ ಎರಡನೇ ಕುರ್ಚಿ ತೋರಿಸಿದರು, ಕೂತ್ಕೋ, ಅವನು ತೋರಿಸಿದ್ದನ್ನು ನೋಡಿ ಮೊದಲನೆಯದರ ಕಡೆ ನಡೆದ, ಇಲ್ಲೇ ಕೂರ್ತೀನಿ ಬಿಡಿ, ನೀವೇ ಮಾಡಿ, ಅವಳಿಗೆ ಮೈಯೆಲ್ಲ ಬಿಸಿಯಾಯಿತು, ಕತ್ತಿಯ ಡಬ್ಬಿಯನ್ನು ನಿಲುವಂಗಿಯ ಜೇಬಿನಲ್ಲೇ ಒತ್ತಿ ಹಿಡಿದಳು, ನಗಬೇಕೇ ಈಗಲೂ, ನಗುವುದಿಲ್ಲ. ಮಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು, ಬಿಚ್ಚಿ, ಎರಡನೇ ಕುರ್ಚಿಯಲ್ಲಿ ತಾವೇ ಕೂತರು. ಮಾವ, ನೀವಾ? ಯಾಕಮ್ಮಾ, ನಂದು ಗಡ್ಡ ಅಲ್ವಾ, ಗಿರಾಕಿ ಬಂದು ಕೂತಿದ್ದಾನೆ, ಟವೆಲ್ ಹಾಕು. ಈ ಮುಖಕ್ಕೆ ಯಾರೂ ಕತ್ತಿ ಹಿಡಿದಿಲ್ಲ, ಅವರಪ್ಪ ಹೋದ ಮೇಲೆ ದಿನಾ ಬೆಳಿಗ್ಗೆ ಮಾವನೇ ಮಾಡಿಕೊಳ್ಳುವುದು, ಜ್ವರ ಬಂದಾಗಲೂ ಅತ್ತೆಯ ಕೈಯಲ್ಲಿ ಕನ್ನಡಿ ಹಿಡಿಸಿ ತಾವೇ, ಇವತ್ತು ಬೆಳಿಗ್ಗೆ ಯಾಕೆ ಮಾಡಿಕೊಂಡಿಲ್ಲ ಅಂತ ಅವಳು ಕೇಳಿರಲಿಲ್ಲ, ಈಗ ಗೊತ್ತಾಯಿತು. ಬಿಸಿನೀರು, ಕುಂಚ, ನೊರೆ, ನೊರೆ ಚೆನ್ನಾಗಿ ಕೂತಿದೆ, ಹೊಸ ಕತ್ತಿಯನ್ನು ಪಟ್ಟಿಗೆ ಉಜ್ಜಿದಳು, ಚಟ್ ಚಟ್. ಎಡಗೆನ್ನೆ, ಹೆಬ್ಬೆರಳಿಂದ ಚರ್ಮ ಎಳೆದು, ಕೂದಲು ಬೆಳೆದ ದಿಕ್ಕಿಗೇ, ಸರ್ರನೆ ಇಳಿಯಿತು, ನೊರೆಯ ನಡುವೆ ಒಂದು ನುಣುಪು ದಾರಿ, ಬಲಗೆನ್ನೆ, ಸರ್ರನೆ, ದವಡೆ, ಮೀಸೆಯ ದಂಡೆ, ಹುಷಾರಮ್ಮ, ಅದಕ್ಕೇನಾದ್ರೂ ಆದ್ರೆ ನಿಮ್ಮತ್ತೆ ನಮ್ಮಿಬ್ಬರನ್ನೂ ಮನೆ ಸೇರಿಸಲ್ಲ, ಮಾತಾಡಬೇಡಿ ಮಾವ, ಅವಳ ಬಾಯಿಂದಲೇ ಬಂತೇ ಅದು, ಮಾವ ಬಾಯಿ ಮುಚ್ಚಿಕೊಂಡರು, ಅವಳು ಮದುವೆಯಾಗಿ ಬಂದಾಗಿನಿಂದ ಅವಳ ಮಾತಿಗೆ ಮೊದಲ ಸಲ. ಮುಳ್ಳುಹಂದಿ ಹತ್ತಿರ ಬಂದು ಬಗ್ಗಿ ನೋಡಿದ, ಇನ್ನೂ ಹತ್ತಿರ, ಬೆಳಕಿಗೆ ಅಡ್ಡ ಬರಬೇಡಿ ಅಂದಳು, ಅವನು ಸರಿದು ಬೆಂಚಿನ ಮೇಲೆ ಕೂತ, ಕನ್ನಡಿಯಲ್ಲಿ ಕಾಣುತ್ತಾನೆ, ಯಾರೂ ನೋಡುತ್ತಿಲ್ಲ ಅಂದುಕೊಂಡು ತನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಿದ್ದಾನೆ, ನಗು ಬಂತು, ಈ ಸಲ ನಿಜವಾದ ನಗು, ತುಟಿಯೊಳಗೇ ಕಚ್ಚಿ ಹಿಡಿದಳು, ಇನ್ನು ಉಳಿದದ್ದು ಕೊರಳು. ಮಾವ ಕೇಳದೆಯೇ ತಲೆಯನ್ನು ಹಿಂದಕ್ಕೆ ಚೆಲ್ಲಿದರು, ಕಣ್ಣು ಮುಚ್ಚಿದರು, ಕೈಗಳನ್ನು ಕುರ್ಚಿಯ ತೋಳಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು, ಬಿಳಿಯ ನೊರೆ, ನೊರೆಯ ಕೆಳಗೆ ಗಂಟಲಿನ ಆ ಗಂಟು, ಅಲಗನ್ನು ಗಲ್ಲದ ಕೆಳಗಿಟ್ಟಳು, ಗಂಟು ಮೇಲೇರಿತು, ಉಗುಳು ನುಂಗುತ್ತಿದ್ದಾರೆ, ಕಾಯಬೇಕು, ಅವಸರವಿಲ್ಲ, ಇಳಿಯಿತು, ಎಷ್ಟು ಚಿಕ್ಕದು, ಹಕ್ಕಿಮರಿಯ ತಲೆಯಷ್ಟು, ಇಷ್ಟು ದೊಡ್ಡ ಮೀಸೆಯ ಮನುಷ್ಯನಿಗೆ ಇಷ್ಟು ಚಿಕ್ಕದು, ಇನ್ನೊಮ್ಮೆ ಏರಿತು, ಇನ್ನೊಮ್ಮೆ ಇಳಿಯಿತು, ನೊರೆ ಮೆಲ್ಲಗೆ ಬಿರಿದು ಕೂಡಿತು, ಅವಳ ಹೆಬ್ಬೆರಳು ಅಲಗಿನ ಬೆನ್ನಿನ ಮೇಲೆ, ಅದರ ಅಂಚಿನ ಮುಂದೆ ಆ ಗಂಟು, ಈಗ ಅಲುಗದೆ, ನಂಬಿ ನಿಂತದ್ದು.